ಚಾಚಿದ ಕಿವಿಗೆ ಸರ್ಜರಿ: ಕನ್ನಡಿ ಮುಂದಿನಿಂದ ಹೆಡ್‌ಬ್ಯಾಂಡ್ ಬಿಚ್ಚುವವರೆಗೆ

ಕಿವಿ ಮುಂದಕ್ಕೆ ಚಾಚಿಕೊಂಡಿರುವವರು ಗುಟ್ಟಾಗಿ ಮಾಡುವ ಒಂದು ಕೆಲಸ ಇದೆ. ಕನ್ನಡಿ ಮುಂದೆ ನಿಂತು, ಎರಡೂ ಕಿವಿಯನ್ನು ಬೆರಳಿಂದ ತಲೆಗೆ ಒತ್ತಿ ಹಿಡಿದು, 'ಹೀಗಿದ್ದಿದ್ದರೆ' ಅಂತ ನೋಡಿಕೊಳ್ಳುವುದು. ಕೈ ಬಿಟ್ಟರೆ ಮತ್ತೆ ಅದೇ ಕಿವಿ. ಶಾಲೆಗೆ ಹೋಗುವಾಗಿನಿಂದ ಮೂವತ್ತು ದಾಟುವವರೆಗೆ ನಾನೂ ಇದನ್ನು ಮಾಡಿದವನೇ. ಕೊನೆಗೊಂದು ದಿನ ಸರ್ಜನ್ ಮುಂದೆ ಕೂತು ಅದನ್ನೇ ಮಾಡಿ ತೋರಿಸಿದೆ. ನೀವು ಒತ್ತಿ ತೋರಿಸುತ್ತಿರುವುದು ಕೆಟ್ಟುಹೋದ ಆಪರೇಷನ್ ಹೇಗಿರುತ್ತದೆ ಅನ್ನುವುದನ್ನು ಅಂತ ಅವರು ನಕ್ಕರು. ತಲೆಗೆ ಅಂಟಿಕೊಂಡ ಕಿವಿ ಚಾಚಿದ ಕಿವಿಗಿಂತ ಬೇಗ ಕಣ್ಣಿಗೆ ಬೀಳುತ್ತದಂತೆ. ಚೆನ್ನಾಗಿ ಆದ ಸರ್ಜರಿ ಅಂದರೆ ಕಿವಿ ಕಡೆ ಯಾರ ಗಮನವೂ ಹೋಗದೇ ಇರುವುದು, ಅಷ್ಟೇ.

ಈ ಸರ್ಜರಿಗೆ ಓಟೋಪ್ಲಾಸ್ಟಿ ಅಂತಾರೆ. ಪಿನ್ನಾಪ್ಲಾಸ್ಟಿ ಅಂತಲೂ ಹೇಳುವುದುಂಟು. ನಿಮಗಾಗಿಯೋ ಮಗುವಿಗಾಗಿಯೋ ಇದರ ಬಗ್ಗೆ ಯೋಚಿಸುತ್ತಿದ್ದರೆ ಯಾವುದಾದ ಮೇಲೆ ಯಾವುದು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಮಗು ಈಗಷ್ಟೇ ಹುಟ್ಟಿದ್ದರೆ ಇದನ್ನು ಮೊದಲು ಓದಿ

ಉಳಿದ ಯಾವ ಹಂತಕ್ಕೂ ಅವಸರ ಇಲ್ಲ. ಇದಕ್ಕೆ ಮಾತ್ರ ಇದೆ.

ಹುಟ್ಟಿದ ಹೊಸದರಲ್ಲಿ ಮಗುವಿನ ಮೈಯಲ್ಲಿ ತಾಯಿಯಿಂದ ಬಂದ ಈಸ್ಟ್ರೋಜನ್ ಹಾರ್ಮೋನು ಇನ್ನೂ ಉಳಿದಿರುತ್ತದೆ. ಕಿವಿಗೆ ಆಕಾರ ಕೊಡುವ ಮೆದು ಎಲುಬು, ಅಂದರೆ ಕಾರ್ಟಿಲೇಜ್, ಅದರಿಂದಾಗಿ ಹಸಿ ಮಣ್ಣಿನಷ್ಟು ಮೆತ್ತಗಿರುತ್ತದೆ. ಬಗ್ಗಿಸಿ ಹಿಡಿದರೆ ಹಾಗೇ ನಿಲ್ಲುತ್ತದೆ. ಕೆಲವೇ ವಾರದಲ್ಲಿ ಈ ಹಾರ್ಮೋನು ಇಳಿದು ಕಾರ್ಟಿಲೇಜ್ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಕೆಲವು ವಾರಗಳಲ್ಲೇ ಮೆತ್ತನೆಯ ಅಚ್ಚು ಮತ್ತು ಅಂಟುಪಟ್ಟಿ ಹಾಕಿ ಕಿವಿಯನ್ನು ಸರಿಯಾದ ಆಕಾರದಲ್ಲಿ ಹಿಡಿದಿಟ್ಟರೆ ಮುಂದೆ ಸರ್ಜರಿಯೇ ಬೇಡವಾಗಬಹುದು. ಕತ್ತರಿ ಇಲ್ಲ, ಅರಿವಳಿಕೆ ಇಲ್ಲ, ನೋವೂ ಇಲ್ಲ.

ಮೊದಲ ಎರಡು ಮೂರು ವಾರದೊಳಗೆ ಶುರು ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ. ತಡವಾದಷ್ಟೂ ಹೆಚ್ಚು ದಿನ ಕಟ್ಟಬೇಕು, ಸಿಗುವ ಫಲ ಕಡಿಮೆ. ಮೂರು ತಿಂಗಳು ದಾಟಿದ ಮೇಲೆ ಹೆಚ್ಚೇನೂ ಆಗುವುದಿಲ್ಲ. ಹುಟ್ಟಿದಾಗ ಕಿವಿ ಮಡಚಿಕೊಂಡಂತೆಯೋ ಚಾಚಿದಂತೆಯೋ ಕಂಡರೆ 'ಬೆಳೀತಾ ಬೆಳೀತಾ ಸರಿಹೋಗುತ್ತೆ' ಅನ್ನುವ ಮಾತು ನಂಬಿ ಕೂರಬೇಡಿ. ಕೆಲವು ತಾವಾಗಿಯೇ ಸರಿಹೋಗುವುದು ನಿಜ. ಆದರೆ ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಕಾದು ನೋಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮಕ್ಕಳ ಡಾಕ್ಟರನ್ನು ಆ ವಾರವೇ ಕೇಳಿ. ಮನೆಯಲ್ಲೇ ಟೇಪು ಸುತ್ತಬೇಡಿ, ಹಸುಗೂಸಿನ ಚರ್ಮ ಬೇಗ ಹುಣ್ಣಾಗುತ್ತದೆ.

ಮೂರು ವರ್ಷದ ಮಗುವಿಗೆ ರಾತ್ರಿ ಟೋಪಿ ಬಿಗಿಯಾಗಿ ಹಾಕಿ ಮಲಗಿಸುವವರನ್ನು ಕಂಡಿದ್ದೇನೆ. ಅದರಿಂದ ಏನೂ ಆಗುವುದಿಲ್ಲ. ಕಾರ್ಟಿಲೇಜ್ ಆಗಲೇ ಗಟ್ಟಿಯಾಗಿರುತ್ತದೆ. ಮಗುವಿನ ನಿದ್ದೆ ಕೆಡುತ್ತದೆ, ಅಷ್ಟೇ.

ಹಂತ 1: ಇದು ಯಾರಿಗೆ ಬೇಕಾಗಿದೆ?

ಚಾಚಿದ ಕಿವಿ ಕಾಯಿಲೆ ಅಲ್ಲ. ಕೇಳಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸರ್ಜರಿ ಆದ ಮೇಲೂ ಕೇಳುವ ಶಕ್ತಿ ಮೊದಲಿದ್ದಷ್ಟೇ ಇರುತ್ತದೆ. ಹೆಚ್ಚಿನ ಸಲ ಇದು ವಂಶದಲ್ಲಿ ಹರಿದು ಬರುವಂಥದ್ದು. ಅಜ್ಜನ ಹಳೇ ಫೋಟೋ ತೆಗೆದು ನೋಡಿದರೆ ಉತ್ತರ ಸಿಗಬಹುದು. ಹಾಗಾಗಿ ಸರ್ಜರಿ 'ಮಾಡಿಸಲೇಬೇಕು' ಅನ್ನುವ ಪ್ರಶ್ನೆ ಬರುವುದಿಲ್ಲ. ಬೇಕು ಅನ್ನಿಸಿದರೆ ಮಾಡಿಸಿಕೊಳ್ಳುವುದು, ಬೇಡ ಅನ್ನಿಸಿದರೆ ಬಿಡುವುದು.

ಅನ್ನಿಸಬೇಕಾದ್ದು ಮಾತ್ರ ಕಿವಿ ಯಾರದ್ದೋ ಅವರಿಗೇ. ತಂದೆತಾಯಿ ಇಲ್ಲಿ ಜಾಸ್ತಿ ಎಡವುತ್ತಾರೆ. ಮಗು ಕಿವಿ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ, ತಾಯಿಗೆ ಮಾತ್ರ ಪ್ರತಿ ಫೋಟೋದಲ್ಲೂ ಅದೇ ಕಾಣುತ್ತಿರುತ್ತದೆ. ಅಂಥ ಕಡೆ ಕಾಯುವುದು ಒಳ್ಳೆಯದು. ಮಗುವೇ 'ನನ್ನ ಕಿವಿ ಯಾಕೆ ಹೀಗಿದೆ' ಅಂತ ಕೇಳಿದರೆ, ಟೋಪಿ ಇಲ್ಲದೆ ಹೊರಗೆ ಹೋಗುವುದಿಲ್ಲ ಅಂತ ಹಟ ಮಾಡಿದರೆ, ಕ್ಲಾಸಲ್ಲಿ 'ಆನೆ ಕಿವಿ' ಅಂತ ಹೆಸರಿಟ್ಟಿದ್ದಾರೆ ಅಂತ ಅತ್ತರೆ, ಆಗ ಕೂತು ಮಾತಾಡಿ. ತನಗೇ ಬೇಕು ಅನ್ನುವ ಮಗು ಸರ್ಜರಿ ಆದ ಮೇಲೆ ಬ್ಯಾಂಡೇಜ್ ಕಿತ್ತುಕೊಳ್ಳುವುದಿಲ್ಲ. ಬೇಡದ ಮಗು ಎರಡನೇ ದಿನವೇ ಕೈ ಹಾಕುತ್ತದೆ.

ದೊಡ್ಡವರು ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಿವಿ ಸರಿಹೋದರೆ ಏನೇನು ಬದಲಾಗುತ್ತದೆ ಅಂತ ಅಂದುಕೊಂಡಿದ್ದೀರಿ? 'ಕೂದಲು ಗಿಡ್ಡ ಕತ್ತರಿಸಿಕೊಳ್ಳಬಹುದು' ಅನ್ನುವುದು ಸರಿಯಾದ ಉತ್ತರ. 'ಮದುವೆ ಸರಿಹೋಗುತ್ತದೆ, ಕೆಲಸ ಸಿಗುತ್ತದೆ' ಅನ್ನುವುದು ಕಿವಿಯ ಕೈಯಲ್ಲಿ ಆಗುವ ಕೆಲಸ ಅಲ್ಲ. ಬೇರೆಯವರಿಗೆ ಕಾಣದ ದೋಷ ನಿಮಗೆ ದಿನವಿಡೀ ಕಾಣುತ್ತಿದ್ದರೆ, ಅದನ್ನೇ ನೆನೆದು ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುತ್ತಿದ್ದರೆ, ಮೊದಲು ಮನಸ್ಸಿನ ಡಾಕ್ಟರ ಹತ್ತಿರ ಮಾತಾಡಿ. ಅಂಥ ಹಿಂಸೆ ಸರ್ಜರಿಯಿಂದ ಹೋಗುವುದಿಲ್ಲ. ಕಿವಿಯಿಂದ ಮೂಗಿಗೆ ಹೊರಳುತ್ತದೆ.

ಹಂತ 2: ಕಿವಿಯ ಯಾವ ಭಾಗ ಚಾಚಿದೆ ಅಂತ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದು ಗೊತ್ತಿದ್ದರೆ ಡಾಕ್ಟರ ಜೊತೆಗಿನ ಮಾತು ಎಷ್ಟೋ ಸಲೀಸಾಗುತ್ತದೆ.

ಕನ್ನಡಿಯಲ್ಲಿ ನಿಮ್ಮ ಕಿವಿಯನ್ನು ಪಕ್ಕದಿಂದ ನೋಡಿ. ಹೊರಗೆ ಒಂದು ಸುರುಳಿ ಅಂಚು ಇದೆ. ಅದರ ಒಳಗೆ, ಅದಕ್ಕೆ ಹೊಂದಿಕೊಂಡ ಹಾಗೆ, ಇನ್ನೊಂದು ಉಬ್ಬು ಮಡಿಕೆ ಇರಬೇಕು. ಮೇಲೆ ಹೋಗುತ್ತಾ ಎರಡಾಗಿ ಕವಲೊಡೆಯುತ್ತದೆ. ಕಾಗದವನ್ನು ಮಡಚಿದರೆ ಹಿಂದಕ್ಕೆ ಬಾಗುತ್ತದಲ್ಲ, ಹಾಗೆ ಕಿವಿಯ ಮೇಲ್ಭಾಗವನ್ನು ತಲೆಯ ಕಡೆ ಬಾಗಿಸುವುದು ಈ ಮಡಿಕೆ. ಚಾಚಿದ ಕಿವಿಗಳಲ್ಲಿ ಹೆಚ್ಚಿನವಕ್ಕೆ ಈ ಮಡಿಕೆಯೇ ಮೂಡಿರುವುದಿಲ್ಲ, ಅಥವಾ ಅರೆಬರೆ ಮೂಡಿರುತ್ತದೆ. ಕಿವಿ ಮೊರದ ಹಾಗೆ ಚಪ್ಪಟೆಯಾಗಿ ಹೊರಗೆ ನಿಲ್ಲುತ್ತದೆ.

ಎರಡನೇ ಕಾರಣ ಬಟ್ಟಲು. ಕಿವಿಯ ತೂತಿನ ಸುತ್ತ ಇರುವ ಗುಳಿಯನ್ನು ಹಾಗೆ ಕರೆಯುತ್ತಿದ್ದೇನೆ. ಅದು ತೀರಾ ಆಳವಾಗಿದ್ದರೆ, ಮಡಿಕೆ ಸರಿಯಾಗಿದ್ದರೂ ಇಡೀ ಕಿವಿಯನ್ನು ತಲೆಯಿಂದ ದೂರ ತಳ್ಳುತ್ತದೆ. ಕೆಲವರಿಗೆ ಎರಡೂ ಇರುತ್ತವೆ. ಮೂರನೆಯದು ಕೆಳಗಿನ ಹಾಲೆ, ಓಲೆ ಹಾಕುವ ಜಾಗ. ಅಲ್ಲಿ ಕಾರ್ಟಿಲೇಜ್ ಇಲ್ಲ, ಬರೀ ಚರ್ಮ ಮತ್ತು ಕೊಬ್ಬು. ಮೇಲಿನ ಭಾಗ ಸರಿಮಾಡಿ ಇದನ್ನು ಮರೆತರೆ ಹಾಲೆ ಮಾತ್ರ ಹೊರಗೆ ಇಣುಕುತ್ತಾ ಉಳಿಯುತ್ತದೆ.

ಈಗ ಬೆರಳಿನ ಪರೀಕ್ಷೆ. ಇಡೀ ಕಿವಿಯನ್ನು ಒತ್ತಬೇಡಿ. ಹೊರ ಅಂಚಿನ ಮೇಲ್ಭಾಗವನ್ನಷ್ಟೇ ಒಂದು ಬೆರಳಿಂದ ಹಗುರವಾಗಿ ಹಿಂದಕ್ಕೆ ತಳ್ಳಿ. ಒಳಗಡೆ ಮಡಿಕೆ ತಾನಾಗಿ ಮೂಡಿ ಕಿವಿ ಸರಿಯಾಗಿ ಕಂಡರೆ, ಕಾರಣ ಮಡಿಕೆ. ಮಡಿಕೆ ಮೂಡಿದರೂ ನಡುಭಾಗ ಹೊರಗೇ ನಿಂತಿದ್ದರೆ ಬಟ್ಟಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಳತೆ ಬೇಕು ಅನ್ನುವವರಿಗೆ: ಸಾಮಾನ್ಯವಾಗಿ ಕಿವಿಯ ಅಂಚಿಗೂ ತಲೆಗೂ ನಡುವೆ ಮೇಲ್ಭಾಗದಲ್ಲಿ 10ರಿಂದ 12 ಮಿಲಿಮೀಟರ್, ನಡುವೆ 16ರಿಂದ 18, ಕೆಳಗೆ 20ರಿಂದ 22 ಮಿಲಿಮೀಟರ್ ಅಂತರ ಇರುತ್ತದೆ. ಅಂದರೆ ಸಹಜವಾದ ಕಿವಿಯೂ ತಲೆಯಿಂದ ಒಂದೆರಡು ಸೆಂಟಿಮೀಟರ್ ದೂರವೇ ಇರುತ್ತದೆ. ಕನ್ನಡಿ ಮುಂದೆ ನಾವು ಒತ್ತಿ ಹಿಡಿದಾಗ ಈ ಅಂತರ ಸೊನ್ನೆ ಆಗಿರುತ್ತದೆ. ಸರ್ಜನ್ ನಕ್ಕಿದ್ದು ಅದಕ್ಕೇ. ಇನ್ನೊಂದು ವಿಷಯ. ಎರಡು ಕಿವಿ ಯಾರಿಗೂ ಒಂದೇ ಥರ ಇರುವುದಿಲ್ಲ. ಸರ್ಜರಿ ಆದ ಮೇಲೆ ಎರಡರ ನಡುವೆ 3 ಮಿಲಿಮೀಟರ್ ಒಳಗಿನ ವ್ಯತ್ಯಾಸ ಇದ್ದರೆ ಅದು ಒಳ್ಳೆಯ ಕೆಲಸವೇ. ಒಂದೇ ಕಿವಿ ಚಾಚಿದಂತೆ ಕಂಡರೂ ಹೊಂದಿಕೆಗಾಗಿ ಎರಡಕ್ಕೂ ಕೈ ಹಾಕಬೇಕಾಗಬಹುದು.

ಹಂತ 3: ಯಾವ ವಯಸ್ಸು?

ಐದಾರು ವರ್ಷ ತುಂಬುವ ಹೊತ್ತಿಗೆ ಕಿವಿ ದೊಡ್ಡವರ ಗಾತ್ರದ ಶೇ. 85ಕ್ಕಿಂತ ಹೆಚ್ಚು ಬೆಳೆದಿರುತ್ತದೆ. ಹಾಗಾಗಿ ಆಮೇಲೆ ಸರ್ಜರಿ ಮಾಡಿದರೆ ಬೆಳವಣಿಗೆಗೆ ತೊಂದರೆ ಇಲ್ಲ. ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಮೇಲಿನ ಮಿತಿ ಇಲ್ಲ. ವಯಸ್ಸಾದಂತೆ ಕಾರ್ಟಿಲೇಜ್ ಗಟ್ಟಿಯಾಗುವುದರಿಂದ ದೊಡ್ಡವರಲ್ಲಿ ಅದನ್ನು ಮೆದು ಮಾಡಲು ಸ್ವಲ್ಪ ಹೆಚ್ಚು ಕೆಲಸ ಬೀಳುತ್ತದೆ. ಅದಕ್ಕೆ ಬದಲಾಗಿ ದೊಡ್ಡವರಿಗೆ ಕಿವಿ ಸುತ್ತ ಮಾತ್ರ ಮರಗಟ್ಟಿಸಿ ಮಾಡಬಹುದು. ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು.

ಹಂತ 4: ಸರ್ಜನ್ ಆಯ್ಕೆ, ಕೇಳಬೇಕಾದ ಪ್ರಶ್ನೆಗಳು

ಪ್ಲಾಸ್ಟಿಕ್ ಸರ್ಜನ್‌ಗಳು ಇದನ್ನು ಮಾಡುತ್ತಾರೆ, ತರಬೇತಿ ಪಡೆದ ಕಿವಿ-ಮೂಗು-ಗಂಟಲು ತಜ್ಞರೂ ಮಾಡುತ್ತಾರೆ. ಯಾರಾದರೂ ಸರಿ, ಅವರು ಓಟೋಪ್ಲಾಸ್ಟಿಯನ್ನು ಆಗಾಗ ಮಾಡುವವರಾಗಿರಬೇಕು. ವರ್ಷಕ್ಕೊಂದು ಮಾಡುವವರ ಕೈಗೆ ಕಿವಿ ಕೊಡಬೇಡಿ. ಅವರ ಓದು, ನೋಂದಣಿ ಎಲ್ಲ ನೋಡಿಕೊಳ್ಳಿ.

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಐದೇ ನಿಮಿಷ ಮಾತಾಡಿ ತಾರೀಕು ಕೊಡಲು ಹೊರಟರು. ಕಿವಿಯ ಹಿಂಭಾಗ ಮುಟ್ಟಿಯೂ ನೋಡಿರಲಿಲ್ಲ. ಎದ್ದು ಬಂದೆ. ಎರಡನೆಯವರು ಸ್ಕೇಲು ಹಿಡಿದು ಮೂರು ಕಡೆ ಅಳೆದರು, ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆದರು, ನಮ್ಮ ಮನೆಯಲ್ಲಿ ಯಾರಿಗಾದರೂ ಗಾಯದ ಕಲೆ ಉಬ್ಬಿ ಬೆಳೆಯುತ್ತದಾ ಅಂತ ಕೇಳಿದರು. ಆಮೇಲೆ ಮನೆಗೆ ಹೋಗಿ ಯೋಚಿಸಿ ಅಂದರು. ಅಂಥವರನ್ನು ಹುಡುಕಿ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿ ಕೂತ ಮೇಲೆ ಎಲ್ಲ ಮರೆತುಹೋಗುತ್ತದೆ. ನನ್ನ ಕಿವಿಯಲ್ಲಿ ಕಾರಣ ಮಡಿಕೆಯಾ, ಬಟ್ಟಲಾ, ಎರಡೂನಾ? ಯಾವ ವಿಧಾನ, ಯಾಕೆ? ನೀವೇ ಮಾಡಿದ ಕೆಲಸದ ಹಿಂದಿನ-ಮುಂದಿನ ಫೋಟೋ ತೋರಿಸುತ್ತೀರಾ? ಅದರಲ್ಲಿ ಒಂದು ವರ್ಷ ಆದ ಮೇಲಿನವು ಇವೆಯಾ? ಅರಿವಳಿಕೆ ಕೊಡುವವರು ಯಾರು? ರಾತ್ರಿ ಹೊತ್ತು ನೋವಾದರೆ ಯಾರಿಗೆ ಫೋನ್ ಮಾಡಬೇಕು? ಕಿವಿ ಮತ್ತೆ ಹೊರಗೆ ಬಂದರೆ ಏನು ಮಾಡುತ್ತೀರಿ, ಅದರ ಖರ್ಚು ಯಾರದ್ದು? ಕೊನೆಯ ಎರಡಕ್ಕೆ ಮುಜುಗರ ಪಡದೆ ಉತ್ತರ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ. 'ನಮ್ಮಲ್ಲಿ ತೊಂದರೆ ಆಗುವುದೇ ಇಲ್ಲ' ಅನ್ನುವವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಜಾಸ್ತಿ ಸರ್ಜರಿ ಮಾಡಿಲ್ಲ.

ಹಂತ 5: ಒಳಗೆ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಿ

ಅಂದಕ್ಕಾಗಿ ಚಾಚಿದ ಕಿವಿಯನ್ನು ಸರಿಪಡಿಸಿದ ಮೊದಲ ಸರ್ಜರಿಯನ್ನು ವರದಿ ಮಾಡಿದ್ದು ಅಮೆರಿಕದ ಡಾಕ್ಟರ್ ಎಡ್ವರ್ಡ್ ಎಲಿ, 1881ರಲ್ಲಿ. ಆ ಕಾಲದವರು ಹಿಂದಿನ ಚರ್ಮ ಕತ್ತರಿಸಿ ಬಿಗಿಯಾಗಿ ಹೊಲಿದರೆ, ಬಟ್ಟಲಿಂದ ಒಂದಿಷ್ಟು ಕಾರ್ಟಿಲೇಜ್ ತೆಗೆದರೆ ಸಾಕು ಅಂದುಕೊಂಡಿದ್ದರು. ಚರ್ಮ ಸ್ವಲ್ಪ ದಿನಕ್ಕೆ ಹಿಗ್ಗುತ್ತದೆ, ಕಿವಿ ಮತ್ತೆ ಹೊರಗೆ. ಮೂಡದೇ ಹೋದ ಮಡಿಕೆಯನ್ನು ಮೂಡಿಸಬೇಕು ಅಂತ 1910ರಲ್ಲಿ ಲಕೆಟ್ ಅನ್ನುವ ಸರ್ಜನ್ ತೋರಿಸಿಕೊಟ್ಟ ಮೇಲೆ ದಾರಿ ಬದಲಾಯಿತು.

ಈಗಿನ ಕೆಲಸ ಹೆಚ್ಚಾಗಿ ಕಿವಿಯ ಹಿಂದಿನಿಂದ. ಕಿವಿ ತಲೆಗೆ ಸೇರುವ ಸಂದಿನ ಹತ್ತಿರ ಚರ್ಮ ಬಿಡಿಸಿ ಕಾರ್ಟಿಲೇಜ್ ತಲುಪುತ್ತಾರೆ. ಮಡಿಕೆ ಬರಬೇಕಾದ ಕಡೆ ಕರಗದ ದಾರದಿಂದ ಮೂರ್ನಾಲ್ಕು ಹೊಲಿಗೆ ಹಾಕಿ, ಗಂಟು ಬಿಗಿಯುತ್ತಾ ಬಂದ ಹಾಗೆ ಮಡಿಕೆ ಎದ್ದು ನಿಲ್ಲುತ್ತದೆ. ಇದು 1963ರಲ್ಲಿ ಮುಸ್ತಾರ್ದೆ ಅನ್ನುವ ಸರ್ಜನ್ ವಿವರಿಸಿದ ವಿಧಾನ, ಅವರ ಹೆಸರಲ್ಲೇ ಇವತ್ತಿಗೂ ಕರೆಯುತ್ತಾರೆ. ಬಟ್ಟಲು ಆಳವಾಗಿದ್ದರೆ ಅದನ್ನು ಹಿಂದಕ್ಕೆ ಎಳೆದು ಕಿವಿಯ ಹಿಂದಿನ ಎಲುಬಿನ ಗಟ್ಟಿ ಪೊರೆಗೆ ಹೊಲಿಯುತ್ತಾರೆ. ಇದು 1968ರಲ್ಲಿ ಫರ್ನಾಸ್ ಅನ್ನುವ ಸರ್ಜನ್ ವಿವರಿಸಿದ ವಿಧಾನ. ತೀರಾ ಆಳವಿದ್ದರೆ ಕಾರ್ಟಿಲೇಜಿನ ಒಂದು ಚೂರನ್ನೇ ತೆಗೆಯುವುದೂ ಉಂಟು.

ಗಟ್ಟಿ ಕಾರ್ಟಿಲೇಜ್ ಬರೀ ದಾರಕ್ಕೆ ಬಗ್ಗುವುದಿಲ್ಲ. ಅದಕ್ಕೆ ಇನ್ನೊಂದು ಉಪಾಯ ಇದೆ. ಕಾರ್ಟಿಲೇಜಿನ ಒಂದು ಮಗ್ಗುಲನ್ನು ಹಗುರವಾಗಿ ಗೀರಿದರೆ ಅದು ಗೀರಿದ ಕಡೆಯಿಂದ ಆಚೆ ಮಗ್ಗುಲಿಗೆ ಬಾಗುತ್ತದೆ. ಹಾಗಾಗಿ ಮುಂಭಾಗದಲ್ಲಿ ಗೀರಿದರೆ ಕಿವಿ ಹಿಂದಕ್ಕೆ ಬಾಗುತ್ತದೆ. ಗೀರು ಜಾಸ್ತಿಯಾದರೆ ಮಾತ್ರ ಮುಂದೆ ಚೂಪು ಏಣುಗಳು ಕಾಣಿಸುತ್ತವೆ, ಅವನ್ನು ಸರಿಮಾಡುವುದು ಕಷ್ಟ. ಚರ್ಮ ಬಿಡಿಸದೆ ಸೂಜಿಯಿಂದಲೇ ದಾರ ಹಾಕುವ ವಿಧಾನವೂ ಇದೆ. ಕಾರ್ಟಿಲೇಜ್ ಮೆತ್ತಗಿದ್ದವರಿಗೆ ಅದು ಹೊಂದಬಹುದು, ಎಲ್ಲರಿಗೂ ಅಲ್ಲ.

ಎರಡೂ ಕಿವಿಗೆ ಸೇರಿ ಒಂದರಿಂದ ಎರಡು ಗಂಟೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.

ಹಂತ 6: ಮುಂಚಿನ ವಾರಗಳ ತಯಾರಿ

ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಕಿವಿಯ ಚರ್ಮ ತೆಳು, ರಕ್ತ ಓಡುವ ನಾಳಗಳು ಸಣ್ಣವು. ನಿಕೋಟಿನ್ ಅವನ್ನು ಇನ್ನೂ ಕಿರಿದು ಮಾಡಿದರೆ ಚರ್ಮ ಸತ್ತು ಕಪ್ಪಾಗುವ ಅಪಾಯ ಇದೆ.

ತೆಗೆದುಕೊಳ್ಳುವ ಎಲ್ಲ ಔಷಧಿಯ ಪಟ್ಟಿ ಕೊಡಿ. ನೋವಿನ ಮಾತ್ರೆ, ವಿಟಮಿನ್, ಗಿಡಮೂಲಿಕೆ ಪುಡಿ ಎಲ್ಲ ಸೇರಿಸಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಜ್ವರ, ಕಿವಿ ಸೋರುವುದು, ಕಿವಿ ಹತ್ತಿರ ಹುಣ್ಣು ಇದ್ದರೆ ತಾರೀಕು ಮುಂದಕ್ಕೆ ಹಾಕಿಸಿ.

ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ತಲೆ ಮೇಲಿಂದ ಹಾಕಿಕೊಳ್ಳುವ ಟೀ ಶರ್ಟುಗಳನ್ನು ಒಂದು ತಿಂಗಳು ಬೀರುವಿನಲ್ಲಿ ಬಿಡಿ. ಮುಂದೆ ಗುಂಡಿ ಇರುವ ಶರ್ಟು, ನೈಟ್‌ಡ್ರೆಸ್ ತೆಗೆದಿಡಿ. ಹಿಂದಿನ ದಿನ ತಲೆಗೆ ಚೆನ್ನಾಗಿ ಸ್ನಾನ ಮಾಡಿ, ಮುಂದಿನ ತಲೆ ಸ್ನಾನಕ್ಕೆ ದಿನಗಟ್ಟಲೆ ಕಾಯಬೇಕು. ಕೂದಲು ತೀರಾ ಗಿಡ್ಡ ಮಾಡಿಸಬೇಡಿ, ಮೊದಲ ವಾರಗಳ ಊತ, ನೀಲಿ ಕಲೆ ಮುಚ್ಚಿಕೊಳ್ಳಲು ಬೇಕಾಗುತ್ತದೆ. ಮಗುವಿಗಾದರೆ ರಜೆ ಶುರುವಾಗುವ ದಿನಗಳನ್ನು ಆರಿಸಿ. ಹೆಡ್‌ಬ್ಯಾಂಡ್ ಎರಡು ಕೊಂಡಿಡಿ, ಒಂದು ಒಗೆದಾಗ ಇನ್ನೊಂದು. ತುಂಬ ಬಿಗಿ ಬೇಡ.

ಹಂತ 7: ಆ ದಿನ

ಪೂರ್ತಿ ಅರಿವಳಿಕೆ ಆದರೆ ಸಾಮಾನ್ಯವಾಗಿ ಆರು ಗಂಟೆ ಮೊದಲು ಊಟ, ಎರಡು ಗಂಟೆ ಮೊದಲು ನೀರು ನಿಲ್ಲಿಸಬೇಕು. ನಿಮಗೆ ಹೇಳಿದ ಸಮಯವನ್ನೇ ಪಾಲಿಸಿ. ಓಲೆ, ಸರ ತೆಗೆದು ಮನೆಯಲ್ಲೇ ಬಿಟ್ಟು ಹೋಗಿ.

ಮರಗಟ್ಟಿಸಿ ಮಾಡುವಾಗ ಇಂಜೆಕ್ಷನ್ನಿನ ಚುಚ್ಚು, ಉರಿ ಮೊದಲ ಒಂದೆರಡು ನಿಮಿಷ. ಆಮೇಲೆ ನೋವಿಲ್ಲ. ಆದರೆ ಸದ್ದು! ಕಿವಿಯ ಮೇಲೇ ನಡೆಯುವ ಕೆಲಸ ಅಲ್ವಾ, ಗೀರುವುದು, ದಾರ ಎಳೆಯುವುದು ಎಲ್ಲ ತಲೆಯೊಳಗೇ ನಡೆದ ಹಾಗೆ ಕೇಳುತ್ತದೆ. ನನ್ನನ್ನು ಯಾರೂ ಮುಂಚೆ ಎಚ್ಚರಿಸಿರಲಿಲ್ಲ, ಬೆವರಿಬಿಟ್ಟೆ. ಸದ್ದಿಗೆ ಹೆದರುವವರಾದರೆ ಮಂಪರು ಬರಿಸುವ ಇಂಜೆಕ್ಷನ್ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಮಕ್ಕಳಿಗೆ ಈ ಸರ್ಜರಿ ಆದ ಮೇಲೆ ವಾಂತಿ ಬರುವುದು ಸಾಮಾನ್ಯ. ಹೆದರಬೇಡಿ, ಅದಕ್ಕೆ ಔಷಧಿ ಕೊಡುತ್ತಾರೆ. ಮನೆಗೆ ಹೋಗುವಾಗ ಗಾಡಿ ಓಡಿಸಲು ಬೇರೆಯವರಿರಲಿ.

ಹಂತ 8: ಮೊದಲ ವಾರ, ಎಚ್ಚರವಾಗಿರಬೇಕಾದ ವಾರ

ತಲೆ ಸುತ್ತ ದಪ್ಪ ಬ್ಯಾಂಡೇಜ್ ಇರುತ್ತದೆ. ಎಷ್ಟು ದಿನ ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬೇರೆ. ಕೆಲವರು ಮರುದಿನವೇ ಬಿಚ್ಚುತ್ತಾರೆ, ಕೆಲವರು ವಾರ ಬಿಡುತ್ತಾರೆ. ಬೆನ್ನ ಮೇಲೆ, ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿಟ್ಟು ಮಲಗಿ. ಪಕ್ಕಕ್ಕೆ ಹೊರಳಿ ಮಲಗುವ ಅಭ್ಯಾಸ ಇದ್ದವರು ಎರಡೂ ಮಗ್ಗುಲಿಗೆ ದಿಂಬು ಒತ್ತರಿಸಿಕೊಳ್ಳಿ. ಬ್ಯಾಂಡೇಜ್ ಒದ್ದೆ ಮಾಡಬೇಡಿ. ಒಳಗೆ ಕೆರೆತ ಬಂದರೆ ಕಡ್ಡಿ ತೂರಿಸಬೇಡಿ.

ನೋವು ಮೊದಲ ಎರಡು ಮೂರು ದಿನ ಇರುತ್ತದೆ, ಪ್ಯಾರಾಸಿಟಮಾಲ್‌ಗೆ ಬಗ್ಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ನೋವು ದಿನದಿನಕ್ಕೆ ಇಳಿಯುತ್ತಾ ಹೋಗಬೇಕು. ಈ ಒಂದು ಮಾತು ನೆನಪಿಟ್ಟರೆ ಮುಂದಿನದು ಸುಲಭ.

ಒಂದೇ ಕಿವಿಯಲ್ಲಿ, ಇದ್ದಕ್ಕಿದ್ದ ಹಾಗೆ ನೋವು ಏರಿದರೆ, ಸಿಡಿಯುವಂತೆ ಬಿಗಿದರೆ, ಮಾತ್ರೆಗೂ ಬಗ್ಗದಿದ್ದರೆ, ಅದು ಒಳಗೆ ರಕ್ತ ಕಟ್ಟಿಕೊಂಡಿರುವ ಗುರುತು. ಹೆಚ್ಚಾಗಿ ಮೊದಲ ಎರಡು ದಿನದಲ್ಲಿ ಆಗುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ. ಯಾಕೆ ಇಷ್ಟು ಅವಸರ ಅಂದರೆ, ಕಾರ್ಟಿಲೇಜಿಗೆ ತನ್ನದೇ ರಕ್ತನಾಳ ಇಲ್ಲ. ಅದನ್ನು ಅಂಟಿಕೊಂಡಿರುವ ತೆಳು ಪೊರೆಯಿಂದಲೇ ಅದರ ಬದುಕು. ನಡುವೆ ರಕ್ತ ತುಂಬಿ ಪೊರೆ ಬೇರೆಯಾದರೆ ಕಾರ್ಟಿಲೇಜ್ ಉಪವಾಸ ಬೀಳುತ್ತದೆ, ಸಾಯುತ್ತದೆ. ಕುಸ್ತಿಪಟುಗಳ ಕಿವಿ ಮುದುಡಿ ಗಂಟುಗಂಟಾಗಿರುವುದನ್ನು ನೋಡಿದ್ದೀರಲ್ಲ? ಅದು ಆಗುವುದೂ ಹೀಗೇ. ಬೇಗ ಹೋದರೆ ಬಿಚ್ಚಿ ರಕ್ತ ತೆಗೆದು ಮತ್ತೆ ಕಟ್ಟುತ್ತಾರೆ.

ಇಳಿದಿದ್ದ ನೋವು ಮೂರನೇ ದಿನದ ನಂತರ ಮತ್ತೆ ಏರಿ, ಕಿವಿ ಕೆಂಪಾಗಿ ಬಿಸಿಯಾದರೆ, ವಾಸನೆ ಅಥವಾ ಕೀವು ಬಂದರೆ, ಜ್ವರ ಬಂದರೆ ಸೋಂಕು ಇರಬಹುದು. ಅದು ಕಾರ್ಟಿಲೇಜಿಗೆ ಇಳಿದರೆ ಕಿವಿಯ ಆಕಾರವೇ ಹೋಗುತ್ತದೆ. ಅದಕ್ಕೂ ಅದೇ ದಿನ ಡಾಕ್ಟರು. ಮನೆಯಲ್ಲಿ ಉಳಿದಿದ್ದ ಹಳೇ ಆಂಟಿಬಯಾಟಿಕ್ ನುಂಗಿ ಸುಮ್ನೆ ಕೂರಬೇಡಿ.

ಬ್ಯಾಂಡೇಜ್ ಬಿಚ್ಚಿದ ದಿನ ಕನ್ನಡಿ ನೋಡಿ ಗಾಬರಿ ಆಗಬಹುದು. ಕಿವಿ ಊದಿರುತ್ತದೆ, ನೀಲಿಗಟ್ಟಿರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ಮುಟ್ಟಿದರೆ ಯಾರದ್ದೋ ಕಿವಿ ಮುಟ್ಟಿದ ಹಾಗೆ ಮರಗಟ್ಟಿರುತ್ತದೆ. ಇದೆಲ್ಲ ಆಗುವಂಥದ್ದೇ. ಆ ದಿನ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ.

ಹಂತ 9: ಹೆಡ್‌ಬ್ಯಾಂಡಿನ ವಾರಗಳು

ಇನ್ನು ನಾಲ್ಕರಿಂದ ಆರು ವಾರ ರಾತ್ರಿ ಹೆಡ್‌ಬ್ಯಾಂಡ್ ಹಾಕಿ ಮಲಗಬೇಕು. ನಿದ್ದೆಯಲ್ಲಿ ಹೊರಳಿದಾಗ ಕಿವಿ ದಿಂಬಿಗೆ ಸಿಕ್ಕಿ ಮುಂದಕ್ಕೆ ಮಡಚಿದರೆ ಒಳಗಿನ ಹೊಲಿಗೆ ಕಿತ್ತುಬರಬಹುದು. ಅದನ್ನು ತಪ್ಪಿಸಲು ಈ ಪಟ್ಟಿ, ಕಿವಿಯನ್ನು ಒತ್ತಲು ಅಲ್ಲ. ಕೆಳಗೆ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಬಿಗಿ ಮಾಡಿದರೆ ತೆಳು ಚರ್ಮ ಹುಣ್ಣಾಗುತ್ತದೆ. ಬೇಗ ಫಲ ಸಿಗಲಿ ಅಂತ ಬಿಗಿದು ಕಟ್ಟುವುದು ಎಲ್ಲರೂ ಮಾಡುವ ತಪ್ಪು. ನಾನೂ ಮೂರು ರಾತ್ರಿ ಮಾಡಿ ಕಿವಿ ತುದಿಯಲ್ಲಿ ಗೀರು ಮಾಡಿಕೊಂಡೆ.

ಚರ್ಮದ ಹೊಲಿಗೆ ಕರಗುವಂಥದ್ದಲ್ಲದಿದ್ದರೆ ಏಳರಿಂದ ಹತ್ತು ದಿನಕ್ಕೆ ತೆಗೆಯುತ್ತಾರೆ. ಒಳಗಿನ ಹೊಲಿಗೆಗಳು ಅಲ್ಲೇ ಉಳಿಯುತ್ತವೆ. ತಲೆ ಸ್ನಾನಕ್ಕೆ ಡಾಕ್ಟರ್ ಒಪ್ಪಿದ ಮೇಲೆ ಹಗುರವಾದ ಶಾಂಪೂ, ಉಗುರು ತಾಗದಂತೆ. ಕಿವಿ ಮರಗಟ್ಟಿರುವಾಗ ಹೇರ್ ಡ್ರೈಯರ್ ಬಿಸಿ ಗೊತ್ತಾಗದೆ ಸುಟ್ಟುಬಿಡಬಹುದು, ಅದನ್ನು ದೂರ ಇಡಿ.

ಕಚೇರಿ, ಶಾಲೆಗೆ ಒಂದೆರಡು ವಾರದಲ್ಲಿ ಹೋಗಬಹುದು. ಈಜಿಗೆ ನಾಲ್ಕರಿಂದ ಆರು ವಾರ. ಚೆಂಡು ಬಡಿಯುವ, ಮೈಗೆ ಮೈ ತಾಗುವ ಆಟಗಳಿಗೆ ಎರಡು ಮೂರು ತಿಂಗಳು ಬಿಟ್ಟರೆ ಒಳ್ಳೆಯದು. ಕನ್ನಡಕ ಇದ್ದವರು ಹೊಲಿಗೆ ಜಾಗಕ್ಕೆ ಕಡ್ಡಿ ತಾಗದಂತೆ ಮೊದಲ ದಿನಗಳಲ್ಲಿ ಹೇಗೆ ಹಾಕಿಕೊಳ್ಳುವುದು ಅಂತ ಕೇಳಿಕೊಳ್ಳಿ. ಕಿವಿಗೆ ಸಿಕ್ಕಿಸುವ ಮಾಸ್ಕ್ ಬೇಡ, ಅದು ಇಡೀ ದಿನ ಕಿವಿಯನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ತಲೆ ಹಿಂದೆ ಕಟ್ಟುವಂಥದ್ದು ಹಾಕಿ. ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಕಿವಿ ಮಡಚಿಕೊಳ್ಳುತ್ತದೆ. ಹೆಲ್ಮೆಟ್ ಇಲ್ಲದೆ ಓಡಿಸುವುದು ಅದಕ್ಕೆ ಪರಿಹಾರ ಅಲ್ಲ. ಕೆಲವು ವಾರ ಬೈಕನ್ನೇ ಬಿಡಿ.

ಮತ್ತೆ ಕನ್ನಡಿ ಮುಂದೆ ನಿಂತು ಬೆರಳಿಂದ ಒತ್ತಿ ನೋಡಬೇಡಿ. ಕೈ ತಾನಾಗಿ ಹೋಗುತ್ತದೆ, ಹಳೇ ಅಭ್ಯಾಸ.

ಹಂತ 10: ತಿಂಗಳುಗಳು ಕಳೆದ ಮೇಲೆ

ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಮೊದಲ ಕೆಲವು ತಿಂಗಳಲ್ಲಿ ಕಿವಿ ಕೆಲವು ಮಿಲಿಮೀಟರ್ ಹೊರಗೆ ಬರುತ್ತದೆ. ಇದು ಸಹಜ, ಗೊತ್ತಿರುವ ಸರ್ಜನ್ ಇದನ್ನು ಲೆಕ್ಕ ಹಾಕಿಯೇ ಹೊಲಿದಿರುತ್ತಾರೆ. ಅದಕ್ಕಿಂತ ಜಾಸ್ತಿ ಬಂದರೆ, ಒಂದು ಕಿವಿ ಮಾತ್ರ ಬಂದರೆ ತೋರಿಸಿ, ಹೊಲಿಗೆ ಸಡಿಲಿಸಿರಬಹುದು. ಕಿವಿ ಹಿಂದೆ ಚರ್ಮದಿಂದ ದಾರದ ತುದಿ ಇಣುಕಿದರೆ ನೀವೇ ಎಳೆಯಬೇಡಿ. ವರ್ಷಗಳಾದ ಮೇಲೂ ಇದು ಆಗಬಹುದು. ಡಾಕ್ಟರ್ ಅದೊಂದನ್ನು ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಆಕಾರ ಕೆಡುವುದಿಲ್ಲ, ಅಷ್ಟು ಹೊತ್ತಿಗೆ ಕಾರ್ಟಿಲೇಜ್ ಹೊಸ ಆಕಾರಕ್ಕೆ ಒಗ್ಗಿರುತ್ತದೆ.

ನಡುಭಾಗ ಮಾತ್ರ ಅತಿಯಾಗಿ ಒಳಗೆ ಹೋಗಿ ಮೇಲೂ ಕೆಳಗೂ ಹೊರಗೆ ಉಳಿದರೆ, ಮುಂದಿನಿಂದ ನೋಡಿದಾಗ ಹಳೇ ಟೆಲಿಫೋನಿನ ರಿಸೀವರ್ ಥರ ಕಾಣುತ್ತದೆ. ಡಾಕ್ಟರುಗಳು ಅದಕ್ಕೆ ಟೆಲಿಫೋನ್ ಕಿವಿ ಅಂತಲೇ ಹೆಸರಿಟ್ಟಿದ್ದಾರೆ. ಅಂಥದ್ದಕ್ಕೆ ಎರಡನೇ ಸರ್ಜರಿ ಬೇಕಾಗಬಹುದು. ಅವಸರ ಪಟ್ಟು ತಿಂಗಳಲ್ಲೇ ಮಾಡಿಸಬೇಡಿ. ಆರು ತಿಂಗಳಾದರೂ ಗಾಯ ಪೂರ್ತಿ ಮಾಗಲಿ.

ಕಲೆ ಕಿವಿ ಹಿಂದಿನ ಸಂದಿನಲ್ಲಿ ಅಡಗಿರುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ಉಬ್ಬಿ, ಕೆರೆದು, ದಿನೇ ದಿನೇ ಬೆಳೆಯುತ್ತಿದ್ದರೆ ಕೆಲಾಯ್ಡ್ ಇರಬಹುದು. ಸಣ್ಣದಿರುವಾಗಲೇ ಇಂಜೆಕ್ಷನ್ ಕೊಡಿಸಿದರೆ ಹಿಡಿತಕ್ಕೆ ಬರುತ್ತದೆ. ಓಲೆ ಚುಚ್ಚಿಸಿಕೊಂಡಾಗ ಕಲೆ ಉಬ್ಬಿದ್ದವರು ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು.

ಮರಗಟ್ಟಿದ್ದು ನಿಧಾನವಾಗಿ ಬಿಡುತ್ತದೆ, ವಾರಗಳಿಂದ ಕೆಲವು ತಿಂಗಳು. ಚಳಿಗೆ ಕಿವಿ ಜಾಸ್ತಿ ಚುರುಗುಟ್ಟುವುದು ಇನ್ನೂ ಸ್ವಲ್ಪ ಕಾಲ ಇರಬಹುದು. ನನ್ನ ಎಡಗಿವಿಗೆ ಮೊದಲು ತಿರುಗಿ ಬಂದಿದ್ದು ಕೆರೆತ, ಐದನೇ ತಿಂಗಳಲ್ಲಿ. ಮೊದಲು ತೆಗೆದಿಟ್ಟ ಫೋಟೋಗಳನ್ನು ಒಂದು ವರ್ಷ ಆದ ಮೇಲೆ, ಅದೇ ಬೆಳಕಲ್ಲಿ, ಅದೇ ದೂರದಿಂದ ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ನಾನು ನೋಡಿದಾಗ ನನ್ನ ಬಲಗಿವಿ ಎಡಗಿವಿಗಿಂತ ಎರಡು ಮಿಲಿಮೀಟರ್ ಹೊರಗಿತ್ತು. ಸ್ಕೇಲು ಹಿಡಿದು ಅಳೆದಿದ್ದರಿಂದ ಗೊತ್ತಾಯಿತು.